ದುರಸ್ತಿಗಾರನ ಮೊದಲ ಮೆಟ್ಟಿಲು

ಯಂತ್ರವನ್ನು ನಿರ್ಮಿಸಿದವನ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಅದು ಕೆಡದಂತೆ ಕಾದವನನ್ನು ನೆನೆಯುವವರು ಕಡಮೆ. ಜೇಮ್ಸ್ ವಾಟನನ್ನು ಅರಿಯದವರಾರು? ವಿಲಿಯಂ ಮರ್ಡಾಕನನ್ನು ಬಲ್ಲವರೆಷ್ಟು ಮಂದಿ?

1777ರಲ್ಲಿ ಈ ಸ್ಕಾಟ್ಲೆಂಡಿನ ತರುಣ ಕೆಲಸವನ್ನರಸಿ ಬರ್ಮಿಂಗ್‌ಹ್ಯಾಮಿಗೆ ನಡೆದೇ ಬಂದನಂತೆ. ಅವನು ತಾನೇ ಕಡೆದು ತೊಟ್ಟಿದ್ದ ಮರದ ಟೊಪ್ಪಿಗೆಯನ್ನು ಕಂಡು, ವಾಟನ ಪಾಲುಗಾರ ಬೋಲ್ಟನ್ ಕೆಲಸ ಕೊಟ್ಟನೆಂದು ಪ್ರತೀತಿ. 1779ರಲ್ಲಿ ಅವನನ್ನು ಕಾರ್ನ್‌ವಾಲಿನ ಗಣಿಸೀಮೆಗೆ ಕಳುಹಿಸಿದರು. ಅಲ್ಲಿ ತಾಮ್ರ, ತವರದ ಗಣಿಗಳಿಂದ ನೀರೆತ್ತುವ ಉಗಿಯಂತ್ರಗಳನ್ನು ಜೋಡಿಸುವ, ಕೆಟ್ಟರೆ ಸರಿಪಡಿಸುವ ಹೊಣೆ ಅವನದು. ಯಂತ್ರ ನಿಂತರೆ ಗಣಿಯಲ್ಲಿ ನೀರೇರುತ್ತಿತ್ತು. ಗಣಿ ಮುಳುಗಿದರೆ ಕೂಲಿಗಾರರ ಅನ್ನವೂ ಮುಳುಗಿದಂತೆ. ಕಂಪೆನಿಯ ಗಳಿಕೆಯೂ ಅವನ ಕೈಯಲ್ಲೇ ಇತ್ತು. ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಅದಕ್ಕೆ ಸಲ್ಲುತ್ತಿತ್ತು. ಉಗಿ ಸೋರಿದಷ್ಟೂ ಹಣ ಸೋರಿದಂತೆಯೇ.

ಈ ದುಡಿಮೆಯ ನಡುವೆಯೇ ಮರ್ಡಾಕ್ 1784ರಲ್ಲಿ ಉಗಿಬಂಡಿಯ ಪುಟ್ಟ ಮಾದರಿಯೊಂದನ್ನು ಓಡಿಸಿದ. 1792ರಲ್ಲಿ ರೆಡ್‌ರೂತಿನ ತನ್ನ ಮನೆಯಲ್ಲಿ ಕಲ್ಲಿದ್ದಲಿನ ಅನಿಲದಿಂದ ದೀಪ ಹೊತ್ತಿಸಿದ. 1810ರಲ್ಲಿ, ಕೂಲಿಗೆ ಸೇರಿದ್ದ ಅದೇ ಕಂಪೆನಿಗೆ ಪಾಲುಗಾರನಾದ.

ಕೆಟ್ಟ ಯಂತ್ರವನ್ನು ಬಿಚ್ಚಿ ನೋಡಿದವನಿಗೆ ಅದರ ಒಳಗುಟ್ಟು ತಿಳಿಯುತ್ತದೆ. ಕೈಗೆ ಎಣ್ಣೆ ಮೆತ್ತಿಕೊಂಡು ಉದ್ಯೋಗ ಆರಂಭಿಸುವ ನಮ್ಮ ತರುಣರು ಅದನ್ನು ಕೀಳೆಂದು ಭಾವಿಸಬೇಕಾಗಿಲ್ಲ.