ಸೂತಕವೂ ಸೋಂಕೂ

ಹುಮನಾಬಾದಿನಿಂದ ಪಡುವಣಕ್ಕೆ ಹೊರಟರೆ ಬಸವಕಲ್ಯಾಣ ಸಿಗುತ್ತದೆ. ಕಲ್ಯಾಣವೆಂದೊಡನೆ ಬಸವಣ್ಣನವರು ನಿಮ್ಮ ನೆನಪಿಗೆ ಬರುವುದು ಸಹಜ. ಬಾಣಂತಿಯ ಕೋಣೆಗೂ ಈ ಊರಿನ ಚರಿತ್ರೆಗೂ ನಂಟುಂಟೆಂದರೆ ಅಚ್ಚರಿಪಡುವಿರೇನೋ!

ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಇಲ್ಲಿಯೇ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಹೆರಿಗೆಯಾದ ಮನೆಯಲ್ಲಿ ಯಾರು ಎಷ್ಟು ದಿನ ಆಶೌಚವನ್ನು ಆಚರಿಸಬೇಕೆಂಬ ವಿಚಾರ ಅದರ ಪ್ರಾಯಶ್ಚಿತ್ತಾಧ್ಯಾಯದಲ್ಲಿದೆ. ಮುಂದೆ ಹನ್ನೆರಡನೆಯ ಶತಮಾನದ ನಡುವೆ ಅದೇ ಕಲ್ಯಾಣದಲ್ಲಿ ಶರಣರು ಜನನಸೂತಕವೂ ಸೇರಿದಂತೆ ಪಂಚಸೂತಕಗಳನ್ನು ತಳ್ಳಿಹಾಕಿದರು. ಹೆತ್ತವಳಲ್ಲಿ ಮೈಲಿಗೆಯಿಲ್ಲವೆಂಬುದು ಅವರ ನಿಲುವು.

ರೋಗಾಣುಗಳ ವಿಷಯ ಆಗ ಯಾರಿಗೂ ತಿಳಿಯದು. ಬಾಣಂತಿ ಸನ್ನಿಗೆ ತುತ್ತಾದ ತಾಯಂದಿರೆಷ್ಟೋ! ಅದರ ಗುಟ್ಟು ಬಯಲಾದದ್ದು ದೂರದ ವಿಯೆನ್ನಾದಲ್ಲಿ. ಅಲ್ಲಿನ ದೊಡ್ಡ ಆಸ್ಪತ್ರೆಯ ಎರಡು ಹೆರಿಗೆ ವಿಭಾಗಗಳ ಪೈಕಿ ಸೂಲಗಿತ್ತಿಯರದಕ್ಕಿಂತ ವೈದ್ಯವಿದ್ಯಾರ್ಥಿಗಳದರಲ್ಲಿಯೇ ಸಾವು ಹೆಚ್ಚು. 1846ರಲ್ಲಿ ಅಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸತ್ತರು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲಿಯೇ ಹೆರಿಗೆಗೆ ಬರುತ್ತಿದ್ದುದನ್ನು ಸೆಮ್ಮೆಲ್‌ವೈಸ್ ಎಂಬ ವೈದ್ಯನು ಗಮನಿಸಿದನು. 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯುವುದನ್ನು ಕಡ್ಡಾಯಮಾಡಿದನು. ಮರುವರ್ಷ ಸಾವು ನೂರಕ್ಕೆ ಒಂದೂಕಾಲಿಗೆ ಇಳಿಯಿತು. ಹಾಗಾದರೆ ಮೈಲಿಗೆ ಇದ್ದದ್ದೆಲ್ಲಿ? ಹೆತ್ತವಳಲ್ಲಲ್ಲ, ಹೆರಿಗೆ ಮಾಡಿಸಿದವರ ಕೈಯಲ್ಲಿ!

ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಸಿಸೇರಿಯನ್ ಹೆರಿಗೆಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯುಂಟು. ಸಹಜ ಹೆರಿಗೆಗಿಂತ ಇಲ್ಲಿ ನಂಜಿನ ಭಯ ಹಲವು ಪಟ್ಟು. 1882ರಲ್ಲಿ ಜರ್ಮನಿಯ ಸೆಂಗರ್ ಗರ್ಭಕೋಶದ ಗಾಯಕ್ಕೆ ಒಪ್ಪವಾಗಿ ಹೊಲಿಗೆ ಹಾಕುವ ಕ್ರಮವನ್ನು ತೋರಿಸಿಕೊಟ್ಟನು. ರೋಗಾಣುನಾಶಕ ದ್ರವಗಳು ಬಂದವು; ಇಪ್ಪತ್ತನೆಯ ಶತಮಾನದಲ್ಲಿ ಪೆನಿಸಿಲಿನ್ ಬಂದಿತು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇನೆಂದರೆ, ನಂಜು ತಡೆಯುವ ಔಷಧಿಯನ್ನು ನಂಜಾದ ಮೇಲಲ್ಲ, ಕೊಯ್ಯುವುದಕ್ಕೆ 30ರಿಂದ 60 ನಿಮಿಷ ಮುಂಚೆಯೇ ಕೊಡಬೇಕು. ಕತ್ತಿ ತಾಗುವ ಹೊತ್ತಿಗೆ ಅದು ರಕ್ತದಲ್ಲಿ ಸೇರಿ ಕಾವಲು ನಿಂತಿರುತ್ತದೆ.

ಮನೆಗೆ ಬಂದ ಮೇಲೆ ಆ ಕಾವಲು ನಿಮ್ಮದು. ಬಾಣಂತಿಯನ್ನು ಕತ್ತಲ ಕೋಣೆಯಲ್ಲಿ ಕೂರಿಸಿ, ಮುಟ್ಟದೆ ದೂರವಿಡುವುದು ಶುದ್ಧಿಯಲ್ಲ. ಮುಟ್ಟಿರಿ, ಆದರೆ ಸಾಬೂನಿನಿಂದ ಕೈತೊಳೆದು ಮುಟ್ಟಿರಿ. ಗಾಯ ಶುಚಿಯಾಗಿ, ಒಣಗಿರಲಿ. ಅದಕ್ಕೆ ಅರಿಸಿನ, ಬೂದಿ ಹಚ್ಚುವುದು ಬೇಡ. ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಸ್ರಾವ ನಾರಿದರೆ, 'ಪುಣ್ಯಾಹದ ದಿನ ಕಳೆಯಲಿ' ಎಂದು ಕಾಯದೆ ಆ ಹೊತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸೂತಕಕ್ಕೆ ದಿನಗಳ ಲೆಕ್ಕವುಂಟು, ಸೋಂಕಿಗೆ ಪಂಚಾಂಗವಿಲ್ಲ.