ಏವನ್ ತೀರದ ಸಂತೆಯ ಊರು

ಕವಿ ಹುಟ್ಟಿದ ಊರನ್ನು ನೋಡಲು ಹೋಗುವವರಲ್ಲಿ ಎರಡು ಬಗೆ ಉಂಟು. ಕೆಲವರಿಗೆ ಆ ಊರು ಒಂದು ತೀರ್ಥಕ್ಷೇತ್ರ. ಅಲ್ಲಿಯ ನೆಲವನ್ನು ಮೆಟ್ಟಿ, ಸಮಾಧಿಗೆ ತಲೆಬಾಗಿ ಬಂದರೆ ಅವರಿಗೆ ಯಾತ್ರೆ ಸಫಲವಾದಂತೆ. ಇನ್ನು ಕೆಲವರಿಗೆ ಅದೊಂದು ಪ್ರಶ್ನೆ. ಇಂತಹ ಊರಿನಲ್ಲಿ ಇಂತಹವನು ಹೇಗೆ ಬೆಳೆದನು, ಅವನ ಸಂಗತಿ ನಮ್ಮವರೆಗೆ ಹೇಗೆ ಬಂದು ಮುಟ್ಟಿತು ಎಂದು ಅವರು ಕೇಳುತ್ತಾರೆ. ಇಂಗ್ಲೆಂಡಿನ ವಾರಿಕ್‌ಷೈರ್ ಸೀಮೆಯಲ್ಲಿ, ಏವನ್ ನದಿಯ ದಡದಲ್ಲಿರುವ ಸ್ಟ್ರಾಟ್‌ಫರ್ಡ್ ಈ ಎರಡು ಬಗೆಯವರನ್ನೂ ಕರೆಯುವ ಊರು. ವಿಲಿಯಂ ಷೇಕ್ಸ್‌ಪಿಯರ್ ಹುಟ್ಟಿದುದೂ ಮಣ್ಣಾದುದೂ ಅಲ್ಲಿಯೇ. ಇಂಗ್ಲಿಷನ್ನು ಓದದ ನಮ್ಮ ಹಿರಿಯರಿಗೂ ಅವನು ತೀರ ಅಪರಿಚಿತನಾಗಿರಲಿಲ್ಲ. ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯಲ್ಲಿ ‘ಒಥೆಲ್ಲೋ’ ಕನ್ನಡದ ಉಡುಪನ್ನು ತೊಟ್ಟಿತು. ಕುವೆಂಪು ಅವರ ‘ರಕ್ತಾಕ್ಷಿ’ಯಲ್ಲಿ ‘ಹ್ಯಾಮ್ಲೆಟ್’ ಬಿದನೂರಿನ ಅರಮನೆಯನ್ನು ಹೊಕ್ಕಿತು. ಈ ಪರಿಚಯದ ಬಲದಿಂದ ನಾವು ಲಂಡನ್ನಿನಿಂದ ರೈಲಿನಲ್ಲಿ ಹೊರಟು, ಒಂದು ಶನಿವಾರವನ್ನೂ ಒಂದು ಭಾನುವಾರವನ್ನೂ ಆ ಊರಿನಲ್ಲಿ ಕಳೆದೆವು. ಅಲ್ಲಿ ನಮ್ಮ ಮನಸ್ಸಿಗೆ ಹತ್ತಿದ ಒಂದು ವಿಷಯವನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

ಸ್ಟ್ರಾಟ್‌ಫರ್ಡ್ ಕವಿಯಿಂದ ಹುಟ್ಟಿದ ಊರಲ್ಲ. ಸಂತೆಯಿಂದ ಹುಟ್ಟಿದ ಊರು. ರೋಮನರ ಕಾಲದ ಹೆದ್ದಾರಿಯೊಂದು ನದಿಯನ್ನು ಹಾಯುವ ಕಡವಿನ ಬಳಿ ಇದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಆ ನೆಲ ವೂಸ್ಟರಿನ ಬಿಷಪ್ಪರ ಸ್ವತ್ತಾಗಿತ್ತು. ೧೧೯೬ರಲ್ಲಿ ಬಿಷಪ್ ಜಾನ್ ಎಂಬುವನು ಒಂದನೆಯ ರಿಚರ್ಡ್ ದೊರೆಯಿಂದ ವಾರದ ಸಂತೆಯನ್ನು ನಡಸಲು ಸನ್ನದನ್ನು ಪಡೆದನು. ಹಳೆಯ ಹಳ್ಳಿಯ ಪಕ್ಕದಲ್ಲಿ ಅಗಲವಾದ ಬೀದಿಗಳನ್ನು ಎಳಸಿ, ನೆಲವನ್ನು ಸಮನಾದ ನಿವೇಶನಗಳಾಗಿ ವಿಂಗಡಿಸಿ, ವರ್ಷಕ್ಕೆ ಒಂದು ಷಿಲ್ಲಿಂಗ್ ಬಾಡಿಗೆಗೆ ಕೊಡಮಾಡಿದನು. ಸುತ್ತಲಿನ ಹಳ್ಳಿಗಳಿಂದ ಕಸುಬುದಾರರೂ ವ್ಯಾಪಾರಿಗಳೂ ಬಂದು ನೆಲಸಿದರು. ಐವತ್ತಾರು ವರ್ಷಗಳು ಕಳೆದು ೧೨೫೨ರ ವೇಳೆಗೆ ಸುಮಾರು ೨೪೦ ನಿವೇಶನಗಳು ತುಂಬಿದ್ದುವು. ಆ ಬೀದಿಗಳ ಹೊಂದಿಕೆ ಇಂದಿಗೂ ಕೆಟ್ಟಿಲ್ಲ. ಕುರಿಯ ಬೀದಿ, ಕಟ್ಟಿಗೆಯ ಬೀದಿ, ಸೇತುವೆಯ ಬೀದಿ ಎಂಬ ಹೆಸರುಗಳೇ ಅಲ್ಲಿ ಒಂದು ಕಾಲಕ್ಕೆ ಏನು ಮಾರುತ್ತಿತ್ತು, ಜನ ಎತ್ತಣಿಂದ ಬರುತ್ತಿದ್ದರು ಎಂಬುದನ್ನು ಹೇಳುತ್ತವೆ. ‘ರದರ್’ ಬೀದಿಯೆಂದು ಕರೆಯುವ ಅಗಲವಾದ ಬಯಲು ದನದ ಸಂತೆಯ ಜಾಗ. ಕೊಂಬುಳ್ಳ ದನಗಳಿಗೆ ಹಳೆಯ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಶನಿವಾರ ನಾವು ನಡೆದಾಡಿದುದೆಲ್ಲವೂ ಎಂಟುನೂರು ವರ್ಷಗಳ ಹಿಂದೆ ಒಬ್ಬ ಭೂಸ್ವಾಮಿ ಲಾಭಕ್ಕಾಗಿ ಹಾಕಿಸಿದ ನಕ್ಷೆಯ ಮೇಲೆಯೇ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಸಂತೆಯ ಜೊತೆಯಲ್ಲಿಯೇ ಊರಿನವರು ತಮ್ಮ ಕೆಲಸಗಳನ್ನು ತಾವೇ ನೋಡಿಕೊಳ್ಳುವ ಅಭ್ಯಾಸವೂ ಬೆಳೆಯಿತು. ‘ಪವಿತ್ರ ಶಿಲುಬೆಯ ಸಂಘ’ವೆಂಬ ಒಂದು ಧಾರ್ಮಿಕ ಸಂಘ ಅಲ್ಲಿ ಪ್ರಬಲವಾಗಿತ್ತು. ಸತ್ತವರಿಗಾಗಿ ಪ್ರಾರ್ಥನೆ, ಬಡವರಿಗೆ ಅನ್ನ, ಹುಡುಗರಿಗೆ ಪಾಠ ಇವೆಲ್ಲವೂ ಆ ಸಂಘದ ಹೊಣೆಯಾಗಿದ್ದುವು. ಊರಿನಿಂದ ಲಂಡನ್ನಿಗೆ ಹೋಗಿ ಬಟ್ಟೆಯ ವ್ಯಾಪಾರದಲ್ಲಿ ಐಶ್ವರ್ಯವಂತನಾಗಿ ಅಲ್ಲಿಯ ಮೇಯರ್ ಪದವಿಗೇರಿದ ಹ್ಯೂ ಕ್ಲಾಪ್ಟನ್ ಎಂಬುವನು ಹದಿನೈದನೆಯ ಶತಮಾನದ ಕೊನೆಯಲ್ಲಿ ಏವನ್ ನದಿಗೆ ಹದಿನಾಲ್ಕು ಕಮಾನುಗಳ ಕಲ್ಲುಸೇತುವೆಯನ್ನು ಕಟ್ಟಿಸಿದನು. ಆ ಸೇತುವೆಯ ಮೇಲೆ ಈಗಲೂ ಬಂಡಿಗಳು ಓಡಾಡುತ್ತವೆ. ೧೫೪೭ರಲ್ಲಿ ಮತಸುಧಾರಣೆಯ ಕಾನೂನಿನಿಂದ ಸಂಘವು ಮುಚ್ಚಿಹೋದಾಗ, ಅದರ ಆಸ್ತಿಯನ್ನೂ ಕರ್ತವ್ಯಗಳನ್ನೂ ವಹಿಸಿಕೊಳ್ಳಲು ಊರಿನವರು ದೊರೆಗೆ ಅರಿಕೆಮಾಡಿಕೊಂಡರು. ೧೫೫೩ರಲ್ಲಿ ಆರನೆಯ ಎಡ್ವರ್ಡ್ ದೊರೆಯ ಸನ್ನದಿನಿಂದ ಸ್ಟ್ರಾಟ್‌ಫರ್ಡ್ ಒಂದು ಪುರಸಭೆಯಾಯಿತು. ಶಾಲೆಯೂ ದೊರೆಯ ಹೆಸರಿನಲ್ಲಿ ಮುಂದುವರಿಯಿತು. ಪುರಸಭೆಯೆಂದ ಮೇಲೆ ಒಬ್ಬ ಗುಮಾಸ್ತ ಬೇಕು, ನಡವಳಿಯ ಪುಸ್ತಕ ಬೇಕು, ಜಮಾಖರ್ಚಿನ ಲೆಕ್ಕ ಬೇಕು. ನಮ್ಮ ವಿಷಯಕ್ಕೆ ಮುಖ್ಯವಾದುದು ಇದೇ.

ಕವಿಯ ತಂದೆ ಜಾನ್ ಷೇಕ್ಸ್‌ಪಿಯರ್ ಕೈಗವುಸು ಹೊಲಿಯುವ ಕಸುಬಿನವನು. ಅವನು ತನ್ನ ಹೆಸರನ್ನು ಬರೆಯುವುದಕ್ಕೆ ಬದಲಾಗಿ ಒಂದು ಗುರುತನ್ನು ಹಾಕುತ್ತಿದ್ದನು. ಆದರೂ ಅವನ ಬಾಳಿನ ಏರಿಳಿತವನ್ನು ನಾವು ಬಹುಮಟ್ಟಿಗೆ ಬಲ್ಲೆವು. ಅವನು ಮೊದಲು ಕಾಣಿಸಿಕೊಳ್ಳುವುದು ೧೫೫೨ರಲ್ಲಿ, ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದುದಕ್ಕಾಗಿ ಒಂದು ಷಿಲ್ಲಿಂಗ್ ದಂಡ ತೆತ್ತವರ ಪಟ್ಟಿಯಲ್ಲಿ! ಮುಂದೆ ಊರಿನ ಬಿಯರ್ ಪರೀಕ್ಷಕನಾದನು, ಖಜಾನೆಯ ಲೆಕ್ಕದವನಾದನು, ೧೫೬೮ರಲ್ಲಿ ಪುರಸಭೆಯ ಅಧ್ಯಕ್ಷನೇ ಆದನು. ಸಂಘದ ದೇವಾಲಯದ ಗೋಡೆಯಲ್ಲಿದ್ದ ಚಿತ್ರಗಳನ್ನು ಹೊಸ ಮತದ ಆಜ್ಞೆಯಂತೆ ಕೆಡಿಸಲು ಎರಡು ಷಿಲ್ಲಿಂಗ್ ಖರ್ಚಾದುದು ಅವನು ಒಪ್ಪಿಸಿದ ಲೆಕ್ಕದಲ್ಲಿದೆ. ಸುಣ್ಣ ಬಳಿದರೇ ಹೊರತು ಪೂರ್ತಿಯಾಗಿ ಅಳಿಸಿಹಾಕಲಿಲ್ಲವಾದುದರಿಂದ ೧೮೦೪ರಲ್ಲಿ ಆ ಚಿತ್ರಗಳು ಮತ್ತೆ ಬೆಳಕಿಗೆ ಬಂದುವು. ೧೫೬೪ರ ಏಪ್ರಿಲ್ ೨೬ರಂದು ಮಗ ವಿಲಿಯಮನಿಗೆ ದೀಕ್ಷಾಸ್ನಾನವಾಯಿತು. ಜುಲೈ ತಿಂಗಳಿನಲ್ಲಿ ಊರಿಗೆ ಪ್ಲೇಗು ಬಂದಿತು. ಇನ್ನೂರಕ್ಕೂ ಮೇಲ್ಪಟ್ಟು ಜನ ಸತ್ತರು. ಆಗಸ್ಟಿನಲ್ಲಿ ಸಭೆಯವರು ಸೋಂಕಿಗೆ ಅಂಜಿ ತೋಟದಲ್ಲಿ, ಬಯಲಿನಲ್ಲಿ ಕುಳಿತು ಬಡವರಿಗೆಂದು ಚಂದಾ ಎತ್ತಿದರು. ಜಾನನ ಹೆಸರಿನ ಮುಂದೆ ಹನ್ನೆರಡು ಪೆನ್ಸ್ ಎಂದಿದೆ. ತೊಟ್ಟಿಲ ಕೂಸು ಆ ವರ್ಷ ಉಳಿದುಕೊಂಡಿತು ಎಂಬುದರಲ್ಲಿ ಜಗತ್ತಿನ ಎಷ್ಟು ಭಾಗ್ಯ ಅಡಗಿತ್ತು!

ಜಾನ್ ಅಧ್ಯಕ್ಷನಾಗಿದ್ದ ವರ್ಷದ ಲೆಕ್ಕದಲ್ಲಿ ಮತ್ತೆರಡು ಸಾಲುಗಳಿವೆ. ರಾಣಿಯ ನಟವರ್ಗದವರಿಗೆ ಒಂಬತ್ತು ಷಿಲ್ಲಿಂಗ್, ವೂಸ್ಟರಿನ ಅರ್ಲನ ನಟವರ್ಗದವರಿಗೆ ಹನ್ನೆರಡು ಪೆನ್ಸ್. ಸಂಚಾರೀ ನಟರಿಗೆ ಪುರಸಭೆ ಹಣ ಕೊಟ್ಟುದಕ್ಕೆ ಅಲ್ಲಿ ದೊರೆಯುವ ಮೊದಲ ದಾಖಲೆ ಇದು. ಆಗ ಹುಡುಗನಿಗೆ ನಾಲ್ಕೈದು ವರ್ಷ. ಅಧ್ಯಕ್ಷನ ಮಗ ಆ ಆಟವನ್ನು ನೋಡಿದನೇ ಇಲ್ಲವೇ ಎಂಬುದನ್ನು ಲೆಕ್ಕದ ಪುಸ್ತಕ ಹೇಳುವುದಿಲ್ಲ; ಅದು ಹೇಳುವುದು ಹಣದ ಮಾತನ್ನು ಮಾತ್ರ. ಅನಂತರ ಜಾನನ ಕೈ ಇಳಿಯಿತು. ೧೫೭೬ರಿಂದೀಚೆಗೆ ಅವನು ಸಭೆಗೆ ಬರುವುದು ನಿಂತುಹೋಯಿತು. ಹತ್ತು ವರ್ಷ ಕಾದು ಸಭೆಯವರು ಅವನ ಸ್ಥಾನಕ್ಕೆ ಬೇರೊಬ್ಬನನ್ನು ಆರಿಸಿದರು. ೧೫೯೨ರ ಒಂದು ಪಟ್ಟಿಯಲ್ಲಿ, ಸಾಲಗಾರರ ಕಾಟಕ್ಕೆ ಹೆದರಿ ಚರ್ಚಿಗೆ ಬಾರದವರೊಂದಿಗೆ ಅವನ ಹೆಸರೂ ಸೇರಿದೆ. ಹೀಗೆ, ಹೆಸರು ಬರೆಯದೆ ಗುರುತು ಹಾಕುತ್ತಿದ್ದ ತಂದೆಯ ಮಾನಾವಮಾನಗಳು ನಮಗೆ ವರ್ಷವರ್ಷವಾಗಿ ತಿಳಿದಿವೆ. ಜಗತ್ತಿಗೆಲ್ಲ ಬರೆದ ಮಗನ ಬಾಲ್ಯವಾದರೋ ಕತ್ತಲೆಯಲ್ಲಿದೆ. ಆ ಕಾಲದ ಶಾಲೆಯ ಹಾಜರಿ ಪುಸ್ತಕಗಳು ಉಳಿದಿಲ್ಲ.

ಮಗನೂ ಪುರಸಭೆಯ ಕಾಗದಗಳಲ್ಲಿ ಕಾಣಿಸಿಕೊಳ್ಳುತ್ತಾನೆ, ಆದರೆ ಕವಿಯಾಗಿ ಅಲ್ಲ. ೧೫೯೭ರಲ್ಲಿ ಅವನು ‘ನ್ಯೂ ಪ್ಲೇಸ್’ ಎಂಬ ದೊಡ್ಡ ಮನೆಯನ್ನು ಕೊಂಡನು. ಆ ಕಾಲಕ್ಕೆ ಸಾಲುಸಾಲಾಗಿ ಬೆಳೆ ಕೆಟ್ಟು ಧಾನ್ಯ ದುರ್ಲಭವಾಗಿತ್ತು; ೧೫೯೪ ಮತ್ತು ೧೫೯೫ರಲ್ಲಿ ಊರಿಗೆ ಎರಡು ಸಲ ಬೆಂಕಿ ಬಿದ್ದು ಅನೇಕರು ನಿರ್ಗತಿಕರಾಗಿದ್ದರು. ಧಾನ್ಯವನ್ನು ಕೂಡಿಟ್ಟುಕೊಂಡವರು ಯಾರೆಂದು ಸರ್ಕಾರ ವಿಚಾರಿಸಿತು. ೧೫೯೮ರ ಫೆಬ್ರವರಿಯಲ್ಲಿ ಬರೆದ ಪಟ್ಟಿಯಲ್ಲಿ ವಿಲಿಯಂ ಷೇಕ್ಸ್‌ಪಿಯರನ ಹೆಸರಿನಲ್ಲಿ ಹತ್ತು ಕ್ವಾರ್ಟರ್, ಎಂದರೆ ೮೦ ಬುಷೆಲ್, ಮಾಲ್ಟ್ ಇದೆ. ಬಿಯರಿಗಾಗಿ ಮೊಳೆಯಿಸಿ ಒಣಗಿಸಿದ ಬಾರ್ಲಿ ಅದು. ಊರಿನ ಮುಖ್ಯ ವ್ಯಾಪಾರವೇ ಮಾಲ್ಟ್ ಆಗಿತ್ತು. ಅವನಿಗಿಂತ ಹೆಚ್ಚು ಇಟ್ಟುಕೊಂಡ ನೆರೆಹೊರೆಯವರೂ ಪಟ್ಟಿಯಲ್ಲಿದ್ದಾರೆ. ಆದರೂ ಬಡವರು ಹಸಿದಿದ್ದ ವರ್ಷದಲ್ಲಿ ಕಣಜ ತುಂಬಿದ್ದವರ ಪಟ್ಟಿ ಇದು ಎಂಬುದು ನಿಜ. ಇದೇ ಕವಿ ಕೆಲವು ವರ್ಷಗಳ ಮೇಲೆ ಬರೆದ ‘ಕೋರಿಯೊಲೇನಸ್’ ನಾಟಕ ಮೊದಲಾಗುವುದು, ಧನಿಕರು ಕಾಳನ್ನು ಬಚ್ಚಿಟ್ಟಿದ್ದಾರೆಂದು ಬೀದಿಗಿಳಿದ ಹಸಿದ ಜನರ ಕೂಗಿನಿಂದ.

ಇಲ್ಲಿ ಭಕ್ತರಿಗೆ ಸಂಕಟವುಂಟಾಗುವುದು ಸಹಜ. ಕೆಲವರು ಆ ಪಟ್ಟಿಯನ್ನು ಮರೆಯಲು ಬಯಸುತ್ತಾರೆ. ಮತ್ತೆ ಕೆಲವರು ಅದನ್ನೇ ಹಿಡಿದು ಕವಿಯನ್ನು ಲೋಭಿಯೆಂದು ಹಳಿಯುತ್ತಾರೆ. ನಮಗೆ ಇವೆರಡೂ ಸರಿಯೆಂದು ತೋರುವುದಿಲ್ಲ. ತಂದೆಯು ಸಾಲಕ್ಕೆ ಅಂಜಿ ತಲೆಮರಸಿಕೊಂಡುದನ್ನು ಕಂಡ ಮಗನು ತಿರುಗಿ ಆ ಸ್ಥಿತಿಗೆ ಬಾರದಿರಲು ಮನೆಯನ್ನೂ ಕಣಜವನ್ನೂ ಭದ್ರಪಡಿಸಿಕೊಂಡನೆಂದು ಊಹಿಸಬಹುದು. ಅದು ಊಹೆ ಮಾತ್ರ. ಸಂದೇಹಕ್ಕೆ ಎಡೆಯಿಲ್ಲದ ಮಾತು ಇಷ್ಟು: ಹಸಿದವನ ಸಿಟ್ಟನ್ನು ಅಷ್ಟು ಬಲ್ಲವನು ಆ ಸಿಟ್ಟನ್ನು ಕಣಜದ ಬಾಗಿಲಿನ ಒಳಗಡೆಯಿಂದ ಕೇಳಿದ್ದನು. ಈ ಸಂಗತಿಯನ್ನು ತಿಳಿದು ಓದಿದರೆ ನಾಟಕ ಕಿರಿದಾಗುವುದಿಲ್ಲ; ಅದರ ಅಂಚು ಮತ್ತಷ್ಟು ಹರಿತವಾಗುತ್ತದೆ.

ಅದೇ ೧೫೯೮ರ ಅಕ್ಟೋಬರಿನಲ್ಲಿ ರಿಚರ್ಡ್ ಕ್ವೈನಿ ಎಂಬ ಊರ ಹಿರಿಯ ಲಂಡನ್ನಿನಲ್ಲಿದ್ದುಕೊಂಡು ಷೇಕ್ಸ್‌ಪಿಯರನಿಗೆ ಮೂವತ್ತು ಪೌಂಡು ಸಾಲ ಕೇಳಿ ಒಂದು ಕಾಗದ ಬರೆದನು. ಕವಿಗೆ ಬರೆದ ಕಾಗದಗಳಲ್ಲಿ ಇಂದು ಉಳಿದಿರುವುದು ಅದೊಂದೇ. ಅದು ಕವಿಯ ಮನೆಯಲ್ಲಿ ದೊರೆಯಲಿಲ್ಲ. ಬರೆದವನ ಕಾಗದಗಳಲ್ಲಿಯೇ ದೊರೆಯಿತು, ಆದುದರಿಂದ ಅದನ್ನು ಕಳುಹಿಸದೆ ಇದ್ದಿರಬೇಕು. ಕ್ವೈನಿ ಪುರಸಭೆಯ ಅಧ್ಯಕ್ಷನಾಗಿದ್ದಾಗಲೇ ೧೬೦೨ರಲ್ಲಿ ಸತ್ತನು. ಅವನ ಕಾಗದಗಳು ಊರಿನ ದಫ್ತರದಲ್ಲಿ ಸೇರಿ ಉಳಿದುವು. ಅವನ ಮಗ ತಾಮಸನೇ ಮುಂದೆ ೧೬೧೬ರಲ್ಲಿ ಕವಿಯ ಮಗಳು ಜೂಡಿತಳನ್ನು ಮದುವೆಯಾದನು.

ಭಾನುವಾರ ನದಿಯ ದಡದ ಹೋಲಿ ಟ್ರಿನಿಟಿ ಚರ್ಚಿಗೆ ಹೋದೆವು. ಕವಿಯ ಸಮಾಧಿ ಬಲಿಪೀಠದ ಮುಂದಿನ ಪವಿತ್ರ ಭಾಗದಲ್ಲಿದೆ. ಕಾವ್ಯಕ್ಕೆ ಸಂದ ಗೌರವವಿದು ಎಂದು ನೋಡುವವರಿಗೆ ತೋರುವುದು ಸಹಜ. ದಾಖಲೆಯ ಮಾತು ಬೇರೆ. ೧೬೦೫ರಲ್ಲಿ ಅವನು ೪೪೦ ಪೌಂಡು ಕೊಟ್ಟು ಊರಿನ ದಶಮಾಂಶ ಕಂದಾಯದಲ್ಲಿ ಒಂದು ಪಾಲನ್ನು ಕೊಂಡಿದ್ದನು. ಆ ಪಾಲಿನೊಂದಿಗೆ ಅಲ್ಲಿ ಮಣ್ಣಾಗುವ ಹಕ್ಕೂ ಬಂದಿತು. ೧೬೧೬ರ ಏಪ್ರಿಲ್ ೨೫ರಂದು ಅವನನ್ನು ಅಲ್ಲಿ ಹೂಳಿದರು. ಸಂತೆಯ ಊರು ತನ್ನ ಮಗನಿಗೆ ಕೊನೆಯ ಸ್ಥಳವನ್ನು ಕೊಟ್ಟುದೂ ಕ್ರಯಪತ್ರದ ಮೂಲಕವೇ.

ಭಕ್ತಿ ಬಂದುದು ತಡವಾಗಿ. ಬಂದ ಮೇಲೆ ಅದು ಉಳಿಸಿದುದೂ ಉಂಟು, ಕೆಡಿಸಿದುದೂ ಉಂಟು. ಕವಿಯೇ ನೆಟ್ಟನೆಂದು ಹೇಳುತ್ತಿದ್ದ ಹಿಪ್ಪುನೇರಳೆ ಮರವನ್ನು ನೋಡಲು ಬರುವವರ ಕಾಟ ತಾಳಲಾರದೆ, ನ್ಯೂ ಪ್ಲೇಸನ್ನು ಕೊಂಡಿದ್ದ ಪಾದ್ರಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್ ಆ ಮರವನ್ನು ಕಡಿಸಿದನು. ಊರಿನವರು ಅವನ ಕಿಟಕಿಗಳನ್ನು ಒಡೆದರು. ತೆರಿಗೆಯ ವಿಚಾರದಲ್ಲಿಯೂ ಜಗಳ ಬೆಳೆದು ೧೭೫೯ರಲ್ಲಿ ಅವನು ಮನೆಯನ್ನೇ ಕೆಡವಿಸಿದನು. ಆದರೆ ಆ ಮನೆ ೧೭೦೨ರ ಸುಮಾರಿನಲ್ಲಿ ಹೊಸದಾಗಿ ಕಟ್ಟಿದುದಾಗಿತ್ತು. ಕವಿ ವಾಸಿಸಿದ ಗೋಡೆಗಳು ಸದ್ದಿಲ್ಲದೆ ಮೊದಲೇ ಹೋಗಿದ್ದುವು! ಕಡಿದ ಮರವನ್ನು ಕೊಂಡ ಗಡಿಯಾರದ ಕಸುಬಿನವನೊಬ್ಬ ಅದರಿಂದ ಪೆಟ್ಟಿಗೆ, ಬಟ್ಟಲು ಮೊದಲಾದುವನ್ನು ಮಾಡಿ ದಶಕಗಳವರೆಗೆ ಮಾರಿದನು. ಒಂದೇ ಮರ ಅಷ್ಟನ್ನೆಲ್ಲ ಹೇಗೆ ಕೊಟ್ಟಿತೆಂಬ ಸಂದೇಹ ಜನರಿಗೆ ಬಾರದಿರಲಿಲ್ಲ. ೧೭೬೯ರ ಸೆಪ್ಟೆಂಬರಿನಲ್ಲಿ ನಟ ಡೇವಿಡ್ ಗ್ಯಾರಿಕ್ ಮೂರು ದಿನದ ಉತ್ಸವ ಏರ್ಪಡಿಸಿದನು. ಮಳೆ ಹೊಡೆದು ಏವನ್ ಉಕ್ಕಿ ಮೆರವಣಿಗೆ ನಿಂತಿತು. ಆ ಉತ್ಸವದಲ್ಲಿ ಷೇಕ್ಸ್‌ಪಿಯರನ ಒಂದು ನಾಟಕವನ್ನೂ ಆಡಲಿಲ್ಲವೆಂಬುದು ವಿಚಿತ್ರವಾದರೂ ನಿಜ.

ಹೆನ್ಲಿ ಬೀದಿಯ ಮನೆಯ ಒಂದು ಭಾಗ ಮಾಂಸದ ಅಂಗಡಿಯಾಗಿ, ಇನ್ನೊಂದು ಭಾಗ ಹೆಂಡದ ಛತ್ರವಾಗಿ ಬಹುಕಾಲ ನಡೆಯಿತು. ೧೮೪೭ರಲ್ಲಿ ಅದು ಹರಾಜಿಗೆ ಬಂದಾಗ ಸಾರ್ವಜನಿಕರ ಚಂದಾ ಹಣದಿಂದ ೩,೦೦೦ ಪೌಂಡಿಗೆ ಕೊಳ್ಳಲಾಯಿತು. ಇಲ್ಲಿ ಭಕ್ತಿಯ ಕೈಯೇ ಮನೆಯನ್ನು ಉಳಿಸಿತು. ಸ್ಥಳದ ಬಿಯರ್ ವ್ಯಾಪಾರಿ ಚಾರ್ಲ್ಸ್ ಫ್ಲವರ್ ಮುಂದೆ ನಿಂತುದರಿಂದ ೧೮೭೯ರಲ್ಲಿ ನದಿಯ ದಡದಲ್ಲಿ ರಂಗಮಂದಿರವೆದ್ದಿತು. ೧೯೨೬ರಲ್ಲಿ ಅದು ಸುಟ್ಟುಹೋಗಲು, ಎಲಿಜಬೆತ್ ಸ್ಕಾಟ್ ಎಂಬ ಮಹಿಳೆ ರೂಪಿಸಿದ ಹೊಸ ರಂಗಮಂದಿರ ೧೯೩೨ರಲ್ಲಿ ತೆರೆಯಿತು. ಮಾಲ್ಟಿನಿಂದ ಬಾಳಿದ ಊರು ಮಾಲ್ಟಿನ ಹಣದಿಂದಲೇ ತನ್ನ ಕವಿಗೆ ನಾಟಕಶಾಲೆಯನ್ನು ಕಟ್ಟಿಸಿತು ಎನ್ನಬಹುದು.

ಇಂದು ಆ ಊರಿಗೆ ಹೋದವರು ತೊಟ್ಟಿಲ ಕೋಣೆಯನ್ನೂ ಸಮಾಧಿಯನ್ನೂ ನೋಡಿ ಬರುತ್ತಾರೆ, ನೋಡಲೇಬೇಕು. ಆದರೆ ಆ ಕೋಣೆಯಲ್ಲಿಯೇ ಅವನು ಹುಟ್ಟಿದನೆಂಬುದು ಪರಂಪರೆಯ ಮಾತು. ಪರಂಪರೆಗೆ ಅತೀತವಾಗಿ ಅವನ ಕುಲ, ಕಸುಬು, ಸಾಲ, ಕಣಜ, ಸಮಾಧಿಗಳ ವಿಷಯದಲ್ಲಿ ನಾವು ಗಟ್ಟಿಯಾಗಿ ಹೇಳಬಲ್ಲುದರ ದೊಡ್ಡ ಪಾಲು, ಕವಿತೆಯ ಗೊಡವೆಯಿಲ್ಲದೆ ದಂಡವನ್ನೂ ಚಂದಾವನ್ನೂ ಬರೆದಿಟ್ಟ ಗುಮಾಸ್ತರಿಂದ ಬಂದುದು. ಬರೆಯುವಾಗ ಅವರಿಗೆ ಯಾರನ್ನೂ ಹೊಗಳುವ ಉದ್ದೇಶವಿರಲಿಲ್ಲ, ಮುಚ್ಚುವ ಉದ್ದೇಶವೂ ಇರಲಿಲ್ಲ. ಅವರ ಮಾತಿಗೆ ನಂಬಿಕೆ ಬರುವುದು ಅದರಿಂದಲೇ. ಊರಿನ ಕಡತಗಳನ್ನು ಇಲಿ ಗೆದ್ದಲುಗಳಿಗೆ ಬಿಟ್ಟುಕೊಡದೆ ಕಾಪಾಡಿದ ಜನರು ತಮಗೆ ತಿಳಿಯದೆಯೇ ಕವಿಯೊಬ್ಬನ ಚರಿತ್ರೆಯನ್ನು ಕಾಪಾಡಿದರು. ಯಾವ ಊರಿನ ಹಳೆಯ ಲೆಕ್ಕದಲ್ಲಿ ಯಾರ ತಂದೆ ಒಂದು ಷಿಲ್ಲಿಂಗ್ ದಂಡ ತೆತ್ತಿರುವನೋ ಬಲ್ಲವರಾರು? ಏವನ್ ತೀರದಲ್ಲಿ ಕವಿಗೆ ಪ್ರತಿಮೆಗಳುಂಟು. ಗುಮಾಸ್ತನಿಗೆ ಒಂದನ್ನೂ ನಾವು ಕಾಣಲಿಲ್ಲ.