ಅಂಗಳದ ಬೆಳಕು, ಒಂದೇ ನೆಗೆಟಿವ್

ಗೋಡೆಗೊಂದು ಬೆಡ್‌ಶೀಟ್ ಕಟ್ಟಿ, ಟೇಬಲ್ ಲ್ಯಾಂಪನ್ನು ಪಕ್ಕಕ್ಕಿಟ್ಟು, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮನೆಯಲ್ಲೇ ಫೋಟೋ ತೆಗೆಯಲು ನಾವೂ ಒಮ್ಮೆ ಪ್ರಯತ್ನಿಸಿದ್ದುಂಟು. ರೀಲು ತೊಳೆಸಿ ತಂದಾಗ ಬಿಳಿ ದುಪ್ಪಟ್ಟಾದ ಅಂಚು ಸೊಗಸಾಗಿ ಬಂದಿತ್ತು. ಅಜ್ಜಿಯ ಮುಖ ಮಾತ್ರ ಕಪ್ಪಾಗಿ, ಕಣ್ಣುಗಳೇ ಕಾಣದಂತಿತ್ತು. ಕ್ಯಾಮೆರಾ ಹಾಳಾಗಿರಲಿಲ್ಲ, ಅದು ತನ್ನ ಲೆಕ್ಕದ ಪ್ರಕಾರವೇ ನಡೆದುಕೊಂಡಿತ್ತು. ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದು ಎಂದು ಭಾವಿಸಿ ಬೆಳಕನ್ನು ಅಳೆಯುವುದು ಅದರೊಳಗಿನ ಮೀಟರಿನ ಸ್ವಭಾವ. ಬಿಳಿ ಬಟ್ಟೆ ಹೆಚ್ಚು ಜಾಗ ತುಂಬಿದ್ದರೆ ಬೆಳಕು ಅತಿಯಾಯಿತೆಂದು ತಿಳಿದು ಅದು ಕಡಿಮೆ ಮಾಡುತ್ತದೆ. ನಷ್ಟವಾಗುವುದು ಮುಖಕ್ಕೆ.

ಈ ತೊಡಕನ್ನು ದಿನವೂ ಎದುರಿಸಿ ಗೆದ್ದ ಒಬ್ಬರ ಕತೆ ಪಶ್ಚಿಮ ಆಫ್ರಿಕಾದಲ್ಲಿದೆ. ಇಂದಿನ ಮಾಲಿ ದೇಶ ಫ್ರೆಂಚ್ ಸುಡಾನ್ ಎಂಬ ಹೆಸರಿನ ವಸಾಹತಾಗಿದ್ದ ಕಾಲ. ಬಮಾಕೊ ನಗರದ ಸೇದು ಕೇಯಿತಾ ಬಡಗಿ ಕೆಲಸ ಕಲಿತವರು. 1935ರಲ್ಲಿ ಸೆನೆಗಲ್‌ಗೆ ಹೋಗಿ ಬಂದ ಅವರ ಚಿಕ್ಕಪ್ಪ ಒಂದು ಕೋಡಾಕ್ ಬ್ರೌನಿ ಕ್ಯಾಮೆರಾ ತಂದುಕೊಟ್ಟರು. ಹುಡುಗ ಮನೆಯವರನ್ನೂ ನೆರೆಹೊರೆಯವರನ್ನೂ ಹಿಡಿದು ನಿಲ್ಲಿಸಿ ಫೋಟೋ ತೆಗೆಯತೊಡಗಿದ. ಮುಂದೆ ಊರಿನ ಇಬ್ಬರು ಅನುಭವಿಗಳಿಂದ ಡಾರ್ಕ್‌ರೂಮಿನ ಕೆಲಸವನ್ನೂ ಕಲಿತುಕೊಂಡ. 1948ರಲ್ಲಿ ಕೇಯಿತಾ ತಮ್ಮ ಕುಟುಂಬದ ಮನೆಯಲ್ಲೇ ಸ್ಟುಡಿಯೋ ತೆರೆದರು. ಜಾಗ ಜೈಲಿನ ಹಿಂಬದಿ, ರೈಲು ನಿಲ್ದಾಣಕ್ಕೆ ಹತ್ತಿರ. ಡಕಾರ್‌ನಿಂದ ಬರುವ ರೈಲು ಇಳಿದವರೂ ಅಲ್ಲಿಗೆ ಬರುತ್ತಿದ್ದರು.

ಸ್ಟುಡಿಯೋ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದೊಡ್ಡ ದೀಪಗಳು, ಛತ್ರಿಗಳು, ಪರದೆಗಳು. ಕೇಯಿತಾ ಬಹುಪಾಲು ಚಿತ್ರಗಳನ್ನು ತೆಗೆದದ್ದು ಮನೆಯ ಅಂಗಳದಲ್ಲಿ, ಹಗಲಿನ ಬೆಳಕಿನಲ್ಲಿ. ಪೂರ್ಣಾಕೃತಿಯ ಕೆಲವು ಚಿತ್ರಗಳಲ್ಲಿ ಕಾಲಡಿಯ ಮಣ್ಣು ಕಾಣುತ್ತದೆ. ಹಿಂಬದಿಗೆ ಮೊದಲು ಕಟ್ಟಿದ್ದು ತಮ್ಮದೇ ಮಂಚದ ಮೇಲಿನ ಕುಚ್ಚಿನ ಹೊದಿಕೆ!

ಹಗಲ ಬೆಳಕು ಪುಕ್ಕಟೆ, ನಿಜ. ಆದರೆ ಬಮಾಕೊದ ಬಿಸಿಲು ಸುಲಭದ್ದಲ್ಲ. ಕಡುಗಪ್ಪು ಮೈಬಣ್ಣದವರು ಹಬ್ಬದ ಬಿಳಿ ನಿಲುವಂಗಿ ತೊಟ್ಟು ಬಂದು ಕೂತರೆ ಬೆಳಕಿನ ಎರಡು ತುದಿಗಳೂ ಒಂದೇ ಚೌಕಟ್ಟಿನೊಳಗೆ ಬಂದಂತಾಗುತ್ತದೆ. ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಬೆಳಕು ತಾಕದ ಭಾಗ ಪಾರದರ್ಶಕವಾಗಿಯೇ ಉಳಿಯುತ್ತದೆ. ಅಲ್ಲಿ ದಾಖಲಾಗದ್ದನ್ನು ಆಮೇಲೆ ಯಾವ ಡಾರ್ಕ್‌ರೂಮೂ ತಂದುಕೊಡಲಾರದು. ಹಾಗೆಂದು ಬೆಳಕು ಧಾರಾಳವಾಗಿ ಬಿಟ್ಟರೆ ಬಟ್ಟೆಯ ನೆರಿಗೆಗಳೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತವೆ. ಇದಕ್ಕೆ ಉಪಾಯ ಬೆಳಕನ್ನು ಹೆಚ್ಚಿಸುವುದಲ್ಲ, ಮೆದುವಾಗಿಸುವುದು. ನೇರ ಬಿಸಿಲು ಬೀಳದ ನೆರಳಿನಲ್ಲಿ ಕೂರಿಸಿ, ತೆರೆದ ಆಕಾಶದ ಬೆಳಕು ಮುಖಕ್ಕೆ ತಾಗುವಂತೆ ಮಾಡಿದರೆ ಎರಡು ತುದಿಗಳೂ ಹತ್ತಿರ ಬರುತ್ತವೆ. ಆಗ ಮುಖಕ್ಕೆ ಬೇಕಾದಷ್ಟು ಬೆಳಕು ಕೊಟ್ಟರೂ ಬಿಳಿಯ ಕಸೂತಿ ಕೆಡುವುದಿಲ್ಲ. ಕೇಯಿತಾರ ಚಿತ್ರಗಳಲ್ಲಿ ಕೆನ್ನೆಯ ಹೊಳಪೂ ಇದೆ, ಕಸೂತಿಯ ಎಳೆಯೂ ಇದೆ.

ಇದೆಲ್ಲವೂ ಮೊದಲ ಸಲಕ್ಕೇ ಆಗಬೇಕಿತ್ತು. ಫಿಲಂ ದುಬಾರಿ. ಸಾಮಾನ್ಯವಾಗಿ ಒಬ್ಬ ಗಿರಾಕಿಗೆ ಒಂದೇ ನೆಗೆಟಿವ್. ಅವರು ಬಳಸುತ್ತಿದ್ದುದು 13x18 ಸೆಂಟಿಮೀಟರಿನ ದೊಡ್ಡ ಫಿಲಂ. ಅದನ್ನು ನೇರವಾಗಿ ಕಾಗದದ ಮೇಲಿಟ್ಟು ಅದೇ ಅಳತೆಯ ಪ್ರಿಂಟ್ ತೆಗೆದು ಕೊಡುತ್ತಿದ್ದರು. ಇಂದು ಮೊಬೈಲಿನಲ್ಲಿ ಒಂದೇ ಭಂಗಿಗೆ ಇಪ್ಪತ್ತು ಚಿತ್ರ ತೆಗೆದು ಹತ್ತೊಂಬತ್ತನ್ನು ಅಳಿಸುವ ನಮಗೆ ಈ ಶಿಸ್ತು ಊಹೆಗೂ ನಿಲುಕದು.

ಹೀಗೆ ಬಂದು ಕೂತವರು ಯಾರು? ಗುಮಾಸ್ತರು, ವ್ಯಾಪಾರಿಗಳು, ಮಗುವನ್ನೆತ್ತಿಕೊಂಡ ತಾಯಂದಿರು, ಗೆಳತಿಯರು. ಕೈಗಡಿಯಾರ, ಪೆನ್ನು, ರೇಡಿಯೋ, ಸ್ಕೂಟರ್ ಎಲ್ಲವೂ ಸ್ಟುಡಿಯೋದಲ್ಲೇ ಸಿಗುತ್ತಿದ್ದವು. ಯುರೋಪಿಯನ್ನರು ಆಫ್ರಿಕಾದವರನ್ನು ಅಳತೆಗೆ, ಗುರುತಿಗೆ, ಪೋಸ್ಟ್‌ಕಾರ್ಡಿಗೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ ದಶಕಗಳ ಬೆನ್ನಿಗೇ ಇದು ನಡೆದದ್ದು. ಅಲ್ಲಿ ನಿಂತವರಿಗೆ ಆಯ್ಕೆ ಇರಲಿಲ್ಲ. ಇಲ್ಲಿ ಗಿರಾಕಿ ತನ್ನ ದುಡ್ಡು ಕೊಟ್ಟು, ತಾನು ಹೇಗೆ ಕಾಣಬೇಕೆಂದು ತಾನೇ ತೀರ್ಮಾನಿಸಿ ಕೂರುತ್ತಿದ್ದ.

ಆದ್ದರಿಂದ 'ಸರಿಯಾದ ಎಕ್ಸ್‌ಪೋಷರ್' ಎಂಬುದು ಬರೀ ಅಂಕಿಯ ಮಾತಲ್ಲವೆಂದು ನಮಗನಿಸುತ್ತದೆ. ಸರಿ ಎಂದರೆ ಯಾರ ಮುಖಕ್ಕೆ ಸರಿ? ಬಣ್ಣದ ಫಿಲಂ ಬಂದಾಗ ಈ ಪ್ರಶ್ನೆ ಬಯಲಿಗೆ ಬಂತು. ಪ್ರಿಂಟಿನ ಬಣ್ಣ ಹೊಂದಿಸಿಕೊಳ್ಳಲು ಕೋಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳುಹಿಸುತ್ತಿತ್ತು. 'ಶರ್ಲಿ ಕಾರ್ಡ್' ಎಂದೇ ಅದು ಹೆಸರಾಯಿತು. ಅದರಲ್ಲಿದ್ದುದು ಬಿಳಿಯ ಮಹಿಳೆಯ ಮುಖ. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲರದೂ ಸರಿ! ಕಂದು ಬಣ್ಣಗಳು ಸರಿಯಾಗಿ ಮೂಡುತ್ತಿಲ್ಲವೆಂಬ ಪರಿಣಾಮಕಾರಿ ದೂರು ಬಂದದ್ದು ಚಾಕಲೇಟ್ ಮತ್ತು ಮರದ ಪೀಠೋಪಕರಣ ತಯಾರಕರಿಂದ ಎಂದು ಕಂಪನಿಯಲ್ಲಿದ್ದವರೇ ಮುಂದೆ ಹೇಳಿದ್ದಾರೆ. ನಮ್ಮ ಮದುವೆ ಆಲ್ಬಂಗಳಲ್ಲಿ ವಧು ಬೂದಿ ಬಳಿದಂತೆ ಕಾಣುವುದಕ್ಕೆ ಫೋಟೋದವನೊಬ್ಬನನ್ನೇ ಬೈದು ಫಲವಿಲ್ಲ.

ಮಾಲಿ 1960ರಲ್ಲಿ ಸ್ವತಂತ್ರವಾಯಿತು. ಕೆಲವೇ ವರ್ಷಗಳಲ್ಲಿ ಕೇಯಿತಾ ಸರಕಾರದ ಫೋಟೋಗ್ರಾಫರ್ ಆದರು, ಸ್ಟುಡಿಯೋ ಮುಚ್ಚಿತು. 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಅವರ ಚಿತ್ರಗಳನ್ನು ತೂಗುಹಾಕಿದಾಗ ಕೆಳಗೆ ಹೆಸರೇ ಇರಲಿಲ್ಲ. ಬಮಾಕೊದ ಅಜ್ಞಾತ ಛಾಯಾಗ್ರಾಹಕ ಎಂದಷ್ಟೇ ಇತ್ತು. ಅವರನ್ನು ಹುಡುಕಿಕೊಂಡು ಜನ ಹೋದರು. ಪ್ಯಾರಿಸ್ಸಿನಲ್ಲಿ 1994ರಲ್ಲಿ ದೊಡ್ಡ ಪ್ರದರ್ಶನವಾಯಿತು. ಹಳೆಯ ನೆಗೆಟಿವ್‌ಗಳಿಂದ ಆಳೆತ್ತರದ ಪ್ರಿಂಟ್‌ಗಳು ಬಂದವು. ಕಪ್ಪು ಇನ್ನಷ್ಟು ಕಪ್ಪಾಗಿ, ಬಿಳಿ ಇನ್ನಷ್ಟು ಬಿಳಿಯಾಗಿ, ಗ್ಯಾಲರಿಯ ಗೋಡೆಗೆ ಒಪ್ಪುವಂತೆ. ಅಂಗೈಯಲ್ಲಿ ಹಿಡಿದು ನೋಡುವ ಹಳೆಯ ಪ್ರಿಂಟಿನ ಮೆದು ಬೆಳಕು ಅವುಗಳಲ್ಲಿಲ್ಲ. ನಮ್ಮ ಮೆಚ್ಚುಗೆ ಹಳೆಯದಕ್ಕೇ.

ಕೇಯಿತಾ 2001ರಲ್ಲಿ ತೀರಿಕೊಂಡರು. ಮುದಿವಯಸ್ಸಿನಲ್ಲಿ ತಮ್ಮ ನೆಗೆಟಿವ್‌ಗಳ ಇಸವಿ ಗುರುತಿಸಬೇಕಾದಾಗ ಅವರಿಗೆ ಆಧಾರವಾದದ್ದು ಹಿಂಬದಿಯ ಬಟ್ಟೆ. ಎರಡು-ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸುತ್ತಿದ್ದರಂತೆ. ಕುಚ್ಚಿನ ಹೊದಿಕೆ ಕಂಡರೆ ಅದು ಸ್ಟುಡಿಯೋದ ಮೊದಲ ದಿನಗಳದು.